ಎರಡು ಒಲಿ, ಒಂದು ಬುಟ್ಟಿ: ಹುಡುಗನ ಗ್ರಾಫಿಕ್ಸ್ ಕಾರ್ಡಿನ ಮಾತು

ಅಕ್ಕಾರ, ವೈನಿಯಾರ, ತಂಗ್ಯಾರ, ಈ ಸಲ ಶೇಂಗಾ ಹೋಳಗಿ ಮಾತಲ್ಲ, ಕೆಂಪ ಖಾರದ ಮಾತೂ ಅಲ್ಲ. ಕಂಪ್ಯೂಟರಿನ ಹೊಟ್ಟ್ಯಾಗ ಕೂಡ್ರೂ ಒಂದು ಸಾಮಾನಿನ ಮಾತು. ಅದಕ್ಕ ಗ್ರಾಫಿಕ್ಸ್ ಕಾರ್ಡು ಅಂತಾರ. "ಇದನ್ನ ತೊಗೊಂಡು ನಾವೇನ ಮಾಡೂನು" ಅಂತ ಬಿಟ್ಟು ಹೋಗಬ್ಯಾಡ್ರಿ. ಕಾಲೇಜಿಗಿ ಹೋಗೂ ಹುಡುಗ್ರು ಇದ್ದ ಮನ್ಯಾಗ ಇವತ್ತಿಲ್ಲಾ ನಾಳಿ ಈ ಮಾತು ಬರ್ತೈತಿ. ಬಂದಾಗ ರೊಕ್ಕ ಕೊಡೂದು, ಬಿಡೂದು ನಿಮ್ಮ ಕೈಯಾಗ. ಖರೆ, ಏನಕ್ಕ ಕೊಡಾಕತ್ತೀವಿ ಅನ್ನೂದು ಗೊತ್ತಿರಬೇಕಲ್ಲ.

ನಮ್ಮ ಹುಡುಗ ಬಿಸಿಎ ಎರಡನೇ ವರ್ಷದಾಗ ಅದಾನ. ಹೋದ ಪರೀಕ್ಷಾದಾಗ ಎರಡು ವಿಷಯ ಉಳದಾವು. ಕಾಲೇಜಿನ ಮಾತು ಎತ್ತಿದ್ರ ತಲಿ ಕೆಳಗ ಹಾಕ್ತಾನ. ಕಂಪ್ಯೂಟರಿನ ಮಾತು ಎತ್ತಿದ್ರ ಕಣ್ಣು ಅರಳತಾವು. ಆಟ ಆಡ್ತಾನ, ಇಲ್ಲ ಅನ್ನೂದಿಲ್ಲ. ಅದರ ಜೋಡಿ ಬ್ಲೆಂಡರ್ ಅನ್ನೂ ಪುಕ್ಕಟ ಸಾಫ್ಟ್‌ವೇರಿನ್ಯಾಗ ಏನೇನೋ ಚಿತ್ರ ಕಟ್ಟತಾನ. ನಮ್ಮ ಮನಿಯವ್ರು ಹೊಲದಿಂದ ಬಂದವ್ರ "ಆ ಡಬ್ಬಿ ಮಾರಿ ಬಿಡ್ರಿ" ಅನ್ನೂದು, ಇಂವ ಅರ್ಧ ಊಟಕ್ಕ ಎದ್ದು ಖೋಲಿ ಬಾಗಲಾ ಹಾಕ್ಕೊಳ್ಳೂದು. ತಾಟು ತೊಳ್ಯಾಕ ನಾನು. ಆರು ತಿಂಗಳು ಹಿಂಗ ನಡೀತು.

ಅಂಥಾದ್ರಾಗ ಒಂದಿನ ಬಂದು "ಯವ್ವಾ, ರೊಕ್ಕ ಬೇಕಾಗಿತ್ತು" ಅಂದ. ನನ್ನ ಹಂತೇಕ 28,000 ರೂಪಾಯಿ ಇತ್ತು. ಗೃಹಲಕ್ಷ್ಮಿ ರೊಕ್ಕ. ತಿಂಗಳಿಗಿ 2,000ದಂಗ 14 ಕಂತು, ಒಂದು ರೂಪಾಯಿ ಮುಟ್ಟಿರಲಿಲ್ಲ. 2023ರ ಆಗಸ್ಟ್‌ದಾಗ ಆ ಯೋಜನಾ ಶುರು ಆದಾಗಿಂದ ನನ್ನ ಹೆಸರಿಗಿ ಅಂತ ಬಂದ ಮೊದಲನೇ ರೊಕ್ಕ ಅದು. ಒಂದು ಜೋಡಿ ಕಿವಿ ಓಲಿ ಮಾಡಸ್ಬೇಕು ಅಂತ ಮನಸ್ಸಿನ್ಯಾಗ ಇತ್ತು. ಅದು ಹುಡುಗಗೂ ಗೊತ್ತಿತ್ತು. ಅದಕ್ಕ ಕೇಳೂ ಮುಂದ ಅವನ ದನಿ ಸಣ್ಣದಾಗಿತ್ತು.

ಕೇಳಿದ್ದು ಏನು ಅಂದ್ರ, ಎರಡು ದಾರಿ. ಬನಹಟ್ಟಿ ಕಡೆ ಅವನ ಗೆಳೆಯ ಒಬ್ಬ ಅದಾನ, ಮನ್ಯಾಗ ಪವರ್‌ಲೂಮ್ ಅದಾವು. ಅವನ ಮಾತು: "ಒಂದ ಕಾರ್ಡಿನ್ಯಾಗ ಎರಡು ಚಿಪ್ ಇರೂದು ತೊಗೋ. ರೇಡಿಯಾನ್ ಆರ್9 295ಎಕ್ಸ್2, ಹಳೇದು, 18,000ಕ್ಕ ಸಿಗತೈತಿ." ನಮ್ಮ ಹುಡುಗನ ಮಾತು: "ಬ್ಯಾಡ, ಎರಡು ಬ್ಯಾರೆ ಬ್ಯಾರೆ ಕಾರ್ಡು ತೊಗೊಂಡು ಜೋಡಸ್ತೀನಿ. ಜಿಟಿಎಕ್ಸ್ 1080 ಟಿಐ, ಹಳೇವು, ಎರಡೂ ಕೂಡಿ 26,000." ಇಬ್ಬರೂ ನಮ್ಮ ಪಡಸಾಲ್ಯಾಗ ಕುಂತು ಎತ್ತು ಕೊಳ್ಳೂ ದಲ್ಲಾಳಿಗಳಂಗ ವಾದ ಮಾಡಾಕತ್ತಿದ್ರು.

ಬ್ಯಾಡ ಅನ್ನಾಕ ಒಂದು ನಿಮಿಷ ಸಾಕು. ಆದ್ರ ತಿಳಿಲಾರದ ಬ್ಯಾಡ ಅಂದ್ರ ಹುಡುಗ ಕೈ ತಪ್ಪತಾನ, ತಿಳಿಲಾರದ ಹೂಂ ಅಂದ್ರ ರೊಕ್ಕ ಕೈ ತಪ್ಪತೈತಿ. ಅದಕ್ಕ ನಾನು ಅಂದ್ನಿ: "ನನಗ ತಿಳಿಯೂಹಂಗ ಹೇಳು. ನನಗ ತಿಳೀತಂದ್ರ ವಿಚಾರ ಮಾಡ್ತೀನಿ." ಪಿಯುಸಿ ಓದಿದ ತಲಿ ಇದು, ಪೂರಾ ತುಕ್ಕು ಹಿಡದಿಲ್ಲ. ಬೆಂಗಳೂರಾಗ ಕಂಪ್ಯೂಟರ್ ಕೆಲಸ ಮಾಡೂ ನಮ್ಮ ತಂಗಿ ಮಗನಿಗೂ ಫೋನ್ ಹಚ್ಚಿದ್ನಿ. "ದೊಡ್ಡವ್ವಾ, ನೀ ಯಾವಾಗ ಗೇಮರ್ ಆದಿ" ಅಂತ ನಕ್ಕ. ನಗಲಿ. ನಾಕು ರಾತ್ರಿ ಕುಂತು ತಿಳ್ಕೊಂಡದ್ದು ನಿಮಗೂ ಹೇಳ್ತೀನಿ.

ಪರದೆ ಮ್ಯಾಲ ಕಾಣೂ ಚಿತ್ರ ಅಂದ್ರ ರಂಗೋಲಿ ಚುಕ್ಕಿ ಇದ್ದಂಗ. ಈಗಿನ ಸಾದಾ ಮಾನಿಟರಿನ್ಯಾಗ ಅಡ್ಡ 1,920, ಉದ್ದ 1,080, ಅಂದ್ರ ಒಟ್ಟ 20 ಲಕ್ಷದ ಮ್ಯಾಲ ಚುಕ್ಕಿ. ಆಟ ಆಡೂ ಮುಂದ ಈ ಎಲ್ಲಾ ಚುಕ್ಕಿಯ ಬಣ್ಣ ಸೆಕೆಂಡಿಗಿ 60 ಸಲ ಹೊಸದಾಗಿ ಲೆಕ್ಕ ಹಾಕಿ ಹಚ್ಚಬೇಕು. ಆ ಲೆಕ್ಕ ಹಾಕೂದ ಗ್ರಾಫಿಕ್ಸ್ ಕಾರ್ಡಿನ ಕೆಲಸ. ಲೆಕ್ಕ ಹಾಕೂ ಚಿಪ್ಪಿಗಿ ಜಿಪಿಯು ಅಂತಾರ. ಒಂದು ಚಿಪ್ಪಿಗಿ ಕೆಲಸ ಭಾಳ ಆದ್ರ ಇನ್ನೊಂದು ಹಚ್ಚೂನು ಅನ್ನೂದು ಹಳೇ ವಿಚಾರ.

ಎಷ್ಟು ಹಳೇದು ಅಂದ್ರ, 1998ರಾಗ 3ಡಿಎಫ್‌ಎಕ್ಸ್ ಅನ್ನೂ ಅಮೇರಿಕಾದ ಕಂಪನಿ ವೂಡೂ2 ಅನ್ನೂ ಕಾರ್ಡು ತಂದಿತ್ತು. ಎರಡು ಕಾರ್ಡು ಜೋಡಿಸಿದ್ರ ಪರದೆಯ ಒಂದು ಸಾಲು ಇದು, ಮುಂದಿನ ಸಾಲು ಅದು ಬರೀತಿತ್ತು. ಮುಂದ ಆ ಕಂಪನಿ ಮುಳುಗಿತು, ಅದರ ಸ್ವತ್ತು ಎನ್‌ವಿಡಿಯಾದವ್ರು ಕೊಂಡ್ರು. 2004ರಾಗ ಅವ್ರು ಎಸ್‌ಎಲ್‌ಐ ಅನ್ನೂ ಅದ ಹೆಸರಿನ್ಯಾಗ ಎರಡು ಕಾರ್ಡು ಜೋಡಸೂ ಪದ್ಧತಿ ಮತ್ತ ತಂದ್ರು. ಮರುವರ್ಷ ಎಟಿಐದವ್ರು ಕ್ರಾಸ್‌ಫೈರ್ ಅಂತ ತಂದ್ರು. ಎಟಿಐನ ಎಎಮ್‌ಡಿ ಕೊಂಡಿತು. ಇನ್ನ ಒಂದ ಕಾರ್ಡಿನ್ಯಾಗ ಎರಡು ಚಿಪ್ ಕೂಡಸಿದವು: 2012ರ ಜಿಟಿಎಕ್ಸ್ 690, 999 ಡಾಲರ್, 2014ರ ಆರ್9 295ಎಕ್ಸ್2, 1,499 ಡಾಲರ್, ಅದ ವರ್ಷದ ಟೈಟಾನ್ ಝಡ್, 2,999 ಡಾಲರ್. ಆಗಿನ ಕಾಲಕ್ಕ ಇವು ಸಾಹುಕಾರ್ರ ಸಾಮಾನು. ಹತ್ತು ವರ್ಷ ಆದ ಮ್ಯಾಲ 18,000ಕ್ಕ ನಮ್ಮ ಬಾಗಲಕ್ಕ ಬಂದೈತಿ. ಹಂಗ ಯಾಕ ಬಂತು ಅನ್ನೂದ ನಾ ಕೇಳಿದ ಮೊದಲನೇ ಪ್ರಶ್ನೆ.

ಈಗ ನಮ್ಮ ಭಾಷಾದಾಗ ಹೇಳ್ತೀನಿ. ಮನ್ಯಾಗ ಹತ್ತು ಮಂದಿ ಉಣ್ಣಾಕ ಕುಂತಾರ, ಬಿಸಿ ರೊಟ್ಟಿ ಬೇಕು. ಒಬ್ಬಾಕಿ ಬಡದ್ರ ಸಾಲೂದಿಲ್ಲ, ಅದಕ್ಕ ನೆಗೆಣ್ಣಿ ಬಂದು ಇನ್ನೊಂದು ಒಲಿ ಹಚ್ಚತಾಳ. ಒಂದನೇ ರೊಟ್ಟಿ ಈಕಿ, ಎರಡನೇದು ಆಕಿ, ಮೂರನೇದು ಮತ್ತ ಈಕಿ. ಎರಡು ಕಾರ್ಡು ಆಟ ನಡಸೂದು ಬಹಳ ಮಟ್ಟಿಗಿ ಹಿಂಗ. ಒಂದು ಚಿತ್ರ ಇದು, ಮುಂದಿನ ಚಿತ್ರ ಅದು. ಒಂದ ಕಾರ್ಡಿನ್ಯಾಗ ಎರಡು ಚಿಪ್ ಅಂದ್ರ ಒಂದ ಕಟ್ಟಿ ಮ್ಯಾಲ ಎರಡು ಬಾಯಿ ಒಲಿ. ಎರಡು ಕಾರ್ಡು ಅಂದ್ರ ಬ್ಯಾರೆ ಬ್ಯಾರೆ ಎರಡು ಒಲಿ. ಜಾಗಾ ಒಂದಕ್ಕ ಕಡಿಮಿ, ಇನ್ನೊಂದಕ್ಕ ಹೆಚ್ಚು. ಅಷ್ಟು ಬಿಟ್ರ ಒಳಗಿನ ತಾಪತ್ರಯ ಎರಡಕ್ಕೂ ಒಂದ. ಇಷ್ಟು ತಿಳದ ಮ್ಯಾಲ ಹುಡುಗ್ರ ವಾದ ನನಗ ಸಣ್ಣದಾಗಿ ಕಂಡಿತು. ಇಬ್ಬರೂ ಯಾವ ನಮೂನಿ ಜೋಡಿ ಅಂತ ಬಡದಾಡಾಕತ್ತಾರ, ಜೋಡಿ ಬೇಕೋ ಬ್ಯಾಡೋ ಅಂತ ಯಾರೂ ಕೇಳವಲ್ರು.

ತಾಪತ್ರಯ ಒಂದನೇದು ಹಿಟ್ಟಿನದು. ಕಾರ್ಡಿಗಿ ತನ್ನದ ಆದ ಮೆಮೊರಿ ಇರ್ತೈತಿ, ಆಟದ ಸಾಮಾನೆಲ್ಲಾ ಅದರಾಗ ಇಡಬೇಕು. 295ಎಕ್ಸ್2 ಕಾರ್ಡಿನ ಡಬ್ಬಿ ಮ್ಯಾಲ 8 ಜಿಬಿ ಅಂತ ಇರ್ತೈತಿ. ಆದ್ರ ಅದು ಒಂದು ಚಿಪ್ಪಿಗಿ 4, ಇನ್ನೊಂದಕ್ಕ 4. ಎರಡರಾಗೂ ಅದ ಸಾಮಾನ ತುಂಬಬೇಕು. ಇಬ್ಬರು ಬಡಿಯೂ ಮುಂದ ಇಬ್ಬರ ಪರಾತದಾಗೂ ಹಿಟ್ಟು, ನೀರು ಬ್ಯಾರೆ ಬ್ಯಾರೆ ಇರಬೇಕಲ್ಲ, ಹಂಗ. ಅಂದ್ರ ಆಟದ ಲೆಕ್ಕಕ್ಕ ಅದು 4 ಜಿಬಿ ಕಾರ್ಡು. ಈಗಿನ ದೊಡ್ಡ ಆಟಕ್ಕ 4 ಸಾಲೂದಿಲ್ಲ. ಹುಡುಗನ 1080 ಟಿಐ ಒಂದೊಂದಕ್ಕ 11 ಜಿಬಿ, ಎರಡು ಕೂಡಿದ್ರೂ ಅಷ್ಟ, 22 ಅಲ್ಲ.

ಎರಡನೇದು ತಾಳದ್ದು. ನೆಗೆಣ್ಣಿ ರೊಟ್ಟಿ, ನಿಮ್ಮ ರೊಟ್ಟಿ ಎರಡೂ ಒಮ್ಮೆಲೆ ತಾಟಿಗಿ ಬಿದ್ದು, ಮುಂದ ಐದು ನಿಮಿಷ ಏನೂ ಬರ್ಲಿಲ್ಲಂದ್ರ? ಲೆಕ್ಕಕ್ಕ ತಾಸಿಗಿ ಇಷ್ಟು ರೊಟ್ಟಿ ಅಂತ ಬರಾಬರಿ ಬರ್ತೈತಿ, ಉಣ್ಣಾವ್ರು ಮಾತ್ರ ಕೈ ಕಟ್ಟಿ ಕುಂಡ್ರತಾರ. ಎರಡು ಕಾರ್ಡಿನ ಆಟದಾಗೂ ಹಿಂಗ ಚಿತ್ರ ಎಡವಿ ಎಡವಿ ಬರ್ತೈತಿ. ಸೆಕೆಂಡಿಗಿ 60 ಅಂತ ಅಂಕಿ ತೋರಸ್ತೈತಿ, ಕಣ್ಣಿಗಿ ಅಷ್ಟು ನುಣುಪು ಕಾಣೂದಿಲ್ಲ.

ಮೂರನೇದು ಜೋಡಿ ಎತ್ತಿನದು. ಒಂದು ಎತ್ತು ಎತ್ತರ, ಒಂದು ಗಿಡ್ಡ ಇದ್ರ ನೊಗ ಹೆಂಗ ನಿಲ್ತೈತಿ? ಎಸ್‌ಎಲ್‌ಐಗಿ ಎರಡೂ ಒಂದ ಜಾತಿ ಚಿಪ್ ಇರಬೇಕು. ಒಂದು ಸುಟ್ಟಿತಂದ್ರ ಅಂಥಾದ ಇನ್ನೊಂದು ಹುಡಕ್ಕೊಂತ ಅಡ್ಡಾಡಬೇಕು. ಇದ್ರಾಗ ಎರಡು ಬ್ಯಾರೆ ಕಾರ್ಡಿಗಿ ಒಂದು ಅನುಕೂಲ ಐತಿ. ಒಂದು ಹೋದ್ರೂ ಇನ್ನೊಂದರ ಮ್ಯಾಲ ಕೆಲಸ ನಡೀತೈತಿ, ಬೇಕಂದ್ರ ಒಂದನ್ನ ಮಾರಬಹುದು. ಒಂದ ಕಾರ್ಡಿನ ಎರಡು ಚಿಪ್ ಆದ್ರ ಕೆಟ್ಟಾಗ ಇಡೀ ಕಾರ್ಡ ಹೋದಂಗ. ಅದಕ್ಕ ಇವೆರಡರಾಗ ಒಂದನ್ನ ಆರಸಲೇಬೇಕು ಅಂದ್ರ ನಮ್ಮ ಹುಡುಗನ ಮಾತ ಖರೆ ಅಂತ ಅವನ ಗೆಳೆಯನ ಮುಂದ ಹೇಳಿದ್ನಿ. ಅವತ್ತ ರಾತ್ರಿ ಹುಡುಗ ಎರಡು ರೊಟ್ಟಿ ಹೆಚ್ಚು ಉಂಡ.

ನಾಕನೇದು ಎಲ್ಲಾದಕ್ಕಿಂತ ದೊಡ್ಡದು. ಎರಡು ಕಾರ್ಡು ಕೂಡಿ ಕೆಲಸ ಮಾಡಬೇಕಂದ್ರ ಆಟ ಬರದವ್ರು, ಕಾರ್ಡು ಮಾಡಿದವ್ರು ಇಬ್ಬರೂ ಅದಕ್ಕ ಬೇಕಾದ ವ್ಯವಸ್ಥಾ ಮಾಡಿರಬೇಕು. ಬನಹಟ್ಟಿ ಹುಡುಗಗ ಇದು ಲಗೂನ ತಿಳೀತು. ಎರಡು ಮಗ್ಗ ಇದ್ದಾಕ್ಷಣ ಒಂದು ಸೀರಿ ಅರ್ಧ ವ್ಯಾಳ್ಯಾದಾಗ ಆಗೂದಿಲ್ಲ, ಅದಕ್ಕ ತಕ್ಕಂಗ ಕೆಲಸ ಹಂಚಿಕೊಡಾವ್ರು ಬೇಕು. 2015ರ ಡೈರೆಕ್ಟ್‌ಎಕ್ಸ್ 12 ಬಂದ ಮ್ಯಾಲ ಈ ಹಂಚೂ ಕೆಲಸ ಹೆಚ್ಚಾಗಿ ಆಟ ಬರಿಯಾವ್ರ ಹೆಗಲಿಗಿ ಬಿತ್ತು. ಎರಡು ಕಾರ್ಡು ಇದ್ದವ್ರು ಹಿಡಿಯಷ್ಟು ಮಂದಿ. ಅವ್ರ ಸಲುವಾಗಿ ಯಾರು ದುಡೀತಾರ? ಒಬ್ಬೊಬ್ಬರಾಗಿ ಕೈ ಬಿಟ್ರು. ಎನ್‌ವಿಡಿಯಾದವ್ರು ಹಳೇ ಕಾರ್ಡುಗಳಿಗಿ ಹೊಸ ಎಸ್‌ಎಲ್‌ಐ ಪ್ರೊಫೈಲ್ ಮಾಡೂದನ್ನ 2021ರ ಜನವರಿಯಿಂದ ನಿಲ್ಲಿಸಿದ್ರು. 2020ರ 3000 ಸಾಲಿನ್ಯಾಗ ಜೋಡಸೂ ಕಿಂಡಿ ಇದ್ದದ್ದು ಆರ್‌ಟಿಎಕ್ಸ್ 3090, 3090 ಟಿಐಗಷ್ಟ. 2022ರ 4000 ಸಾಲಿನ್ಯಾಗ ಅದೂ ಇಲ್ಲ. 295ಎಕ್ಸ್2 ಕಾಲದ ಕಾರ್ಡುಗಳನ್ನ ಎಎಮ್‌ಡಿದವ್ರು 2021ರಾಗ ಹಳೇ ಪಟ್ಟಿಗಿ ಸೇರಿಸಿದ್ರು.

"ನೀ ಆಡೂ ಆಟ ಯಾವವು, ಬರದು ಕೊಡು" ಅಂದ್ನಿ. ಐದು ಬರದ. ಅದರಾಗ ಜಿಟಿಎ 5 ಅನ್ನೂ ಹಳೇದೊಂದು ಎರಡು ಕಾರ್ಡಿನ ಮ್ಯಾಲ ಚಂದ ನಡೀತೈತಿ. ವ್ಯಾಲೊರಂಟ್‌ಗಿ ಸಾದಾ ಒಂದು ಕಾರ್ಡ ಸಾಕು. ಸೈಬರ್‌ಪಂಕ್ 2077, ಎಲ್ಡನ್ ರಿಂಗ್ ಎರಡಕ್ಕೂ ಎರಡನೇ ಕಾರ್ಡು ಇದ್ರೂ ಒಂದ, ಇಲ್ಲದಿದ್ರೂ ಒಂದ. ಅದು ಸುಮ್ನ ಕರೆಂಟ್ ತಿಂದ್ಕೊಂತ ಕುಂಡ್ರತೈತಿ. ಐದನೇದು ಇನ್ನೂ ಬಂದಿಲ್ಲದ ಆಟ, ಅದರ ಮಾತು ಬಿಡ್ರಿ. ಕಾಗದದ ಮ್ಯಾಲ ಹಿಂಗ ಬರದು ನೋಡಿದ ಮ್ಯಾಲ ಹುಡುಗ ಸುಮ್ಮನಾದ.

ಇನ್ನ ಕರೆಂಟಿನ ಲೆಕ್ಕ, ಇದು ನಮ್ಮ ಖಾತೆ. 295ಎಕ್ಸ್2 ಒಂದ 500 ವ್ಯಾಟ್. 1080 ಟಿಐ ಒಂದಕ್ಕ 250, ಎರಡಕ್ಕ ಅಷ್ಟ 500. ಉಳಿದ ಕಂಪ್ಯೂಟರ್, ಮಾನಿಟರ್ ಕೂಡಿ 700 ವ್ಯಾಟ್ ಹಿಡೀರಿ. ದಿನಕ್ಕ ನಾಕು ತಾಸು ನಡೆದ್ರ 2.8 ಯುನಿಟ್, ತಿಂಗಳಿಗಿ 84. ನಮ್ಮ ಮನಿ ಖರ್ಚು 87ರ ಆಸುಪಾಸು, ಗೃಹಜ್ಯೋತಿದಾಗ ನಮಗ ಕೊಟ್ಟ ಮಿತಿ 96. 87ಕ್ಕ 84 ಕೂಡಿಸಿದ್ರ 171. ಮಿತಿ ದಾಟಿದ 75 ಯುನಿಟ್ಟಿಗಿ ಬಿಲ್ ಕಟ್ಟಬೇಕು. ಬ್ಯಾಸಗ್ಯಾಗ ಕೂಲರ್ ಹಚ್ಚಿದ್ರ ಮತ್ತ 40. ಒಟ್ಟ 211. 200 ದಾಟಿತು ಅಂದ್ರ ಆ ತಿಂಗಳ ಪೂರಾ ಬಿಲ್ ನಮ್ಮ ಮ್ಯಾಲ. ಮ್ಯಾಲ ಈ 500 ವ್ಯಾಟ್ ಎಲ್ಲಾ ಕಡೀಕ ಶಾಖ ಆಗಿ ಖೋಲ್ಯಾಗ ಉಳೀತೈತಿ. ಜಮಖಂಡಿ ಮೇ ತಿಂಗಳದಾಗ ಪತ್ರಾಸ ಕೆಳಗಿನ ಖೋಲ್ಯಾಗ ಒಲಿ ಹಚ್ಚಿಟ್ಟು ಕುಂಡ್ರತಾರೇನು ಯಾರಾದ್ರೂ?

ಹಳೇ ಕಾರ್ಡಿನ ಬಗ್ಗೆ ತಂಗಿ ಮಗ ಇನ್ನೊಂದು ಮಾತು ಹೇಳಿದ. ಕೆಲವು ವರ್ಷ ಇಂಥಾ ಕಾರ್ಡುಗಳನ್ನ ಸಾಲಾಗಿ ಜೋಡಿಸಿ ಹಗಲು ರಾತ್ರಿ ಇಥೀರಿಯಂ ಅನ್ನೂ ಡಿಜಿಟಲ್ ನಾಣ್ಯ ತಗ್ಯಾಕ ಹಚ್ಚಿದ್ರಂತ. 2022ರ ಸೆಪ್ಟೆಂಬರ್‌ದಾಗ ಆ ಪದ್ಧತಿ ನಿಂತಿತು, ದುಡಿದು ದಣದ ಕಾರ್ಡು ಪ್ಯಾಟಿಗಿ ಬಂದ್ವು. ನೋಡಾಕ ಒರಸಿ ಇಟ್ರ ಹೊಸದು ಕಾಣತಾವು. ಬಿಲ್ ಇಲ್ಲ, ವಾರಂಟಿ ಇಲ್ಲ. ಎತ್ತಿನ ಹಲ್ಲು ಎಣಿಸಿ ವಯಸ್ಸು ತಿಳೀಬಹುದು, ಕಾರ್ಡಿಗಿ ಹಲ್ಲಿಲ್ಲ.

ಇಷ್ಟಾದ ಮ್ಯಾಲ "ಹಂಗಾದ್ರ ಎರಡು ಕಾರ್ಡು ಯಾರಿಗೂ ಬ್ಯಾಡೇನು" ಅಂತ ಕೇಳಿದ್ನಿ. ಆಗ ಹುಡುಗ ಬ್ಲೆಂಡರ್ ತಗದು ತೋರಿಸಿದ. ಅಲ್ಲಿ ಲೆಕ್ಕ ಬ್ಯಾರೆ. ಆಟ ಅಂದ್ರ ಪಂಕ್ತಿ ಊಟ, ರೊಟ್ಟಿ ಬಿಸಿ ಬಿಸಿ, ಸರದಿ ಪ್ರಕಾರ ತಾಟಿಗಿ ಬರಬೇಕು. ಬ್ಲೆಂಡರಿನ ಚಿತ್ರ ಅಂದ್ರ ಮದವಿ ಮನಿ ಖಡಕ್ ರೊಟ್ಟಿ. ಓಣಿ ಹೆಣಮಕ್ಕಳೆಲ್ಲಾ ಕುಂತು ತಮ್ಮ ತಮ್ಮ ಒಲಿ ಮ್ಯಾಲ ಬಡದು ಬುಟ್ಟಿಗಿ ಒಟ್ಟತಾರ. ಯಾರದು ಮೊದ್ಲ, ಯಾರದು ಆಮ್ಯಾಲ ಅನ್ನೂದಿಲ್ಲ, ಕಡೀಕ ಬುಟ್ಟಿ ತುಂಬಿದ್ರ ಸೈ. ಅಂಥಾ ಕೆಲಸಕ್ಕ ಎರಡು ಕಾರ್ಡು ಹಚ್ಚಿದ್ರ ವ್ಯಾಳ್ಯಾ ಅರ್ಧದ ಸನೇಕ ಬರ್ತೈತಿ, ಎಸ್‌ಎಲ್‌ಐ ಪಸಲೈ ಏನೂ ಬೇಕಾಗಿಲ್ಲ. ಸಿನಿಮಾ, ಜಾಹೀರಾತು ಮಾಡೂ ಕಡೆ ನಾಕ್ನಾಕು ಕಾರ್ಡು ಹಾಕೂದು ಅದಕ್ಕ.

ಹಂಗ ತೋರಸೂ ಮುಂದ ಒಂದು ಚಿತ್ರ ತಗದ. ನಮ್ಮ ಅತ್ತಿಯವ್ರ ಬೀಸೂ ಕಲ್ಲು. ಹಿತ್ತಲದಾಗ ಮೂಲ್ಯಾಗ ಬಿದ್ದೈತಲ್ಲ, ಅದ. ಕಟಗಿ ಗೂಟ, ಕಲ್ಲಿನ ತೂತು, ಸುತ್ತ ಬಿದ್ದ ಜ್ವಾಳದ ಹಿಟ್ಟು, ಕಿಡಕಿಯಿಂದ ಬಂದ ಬಿಸಲು. ನಾ ಫೋಟೊ ಅಂತ ತಿಳದಿದ್ನಿ. "ಫೋಟೊ ಅಲ್ಲ ಬೇ, ನಾ ಕಟ್ಟೀನಿ, ಈ ಮಷೀನು ಒಂದು ಚಿತ್ರಕ್ಕ ರಾತ್ರಿಯೆಲ್ಲಾ ತೊಗೊಂಡೈತಿ" ಅಂದ. ಅಷ್ಟರಾಗ ನಮ್ಮ ಮನಿಯವ್ರು ನೀರು ಕುಡ್ಯಾಕ ಬಂದವ್ರು ಹಿಂದ ನಿಂತು ನೋಡಿದ್ರು. "ಇದು ನಮ್ಮವ್ವನ ಕಲ್ಲು. ಅಂಚು ಒಡದದ್ದು ಸುದ್ದಾ ತಗದೀಯಲ್ಲೋ" ಅಂದ್ರು. ಆ ಅಂಚು ಒಡದದ್ದು ಅವ್ರು ಸಣ್ಣವರಿದ್ದಾಗಂತ. ಮುಂದ ಏನೂ ಅನಲಿಲ್ಲ, ಕುರ್ಚಿ ಎಳಕೊಂಡು ಕುಂತ್ರು. ಡಬ್ಬಿ ಮಾರೂ ಮಾತು ಅವತ್ತಿನಿಂದ ಬಂದಿಲ್ಲ.

ನಾ ಮರದಿನ ನನ್ನ ತೀರ್ಮಾನ ಹೇಳಿದ್ನಿ. ಎರಡು ಚಿಪ್ಪಿನ ಕಾರ್ಡೂ ಬ್ಯಾಡ, ಎರಡು ಕಾರ್ಡೂ ಬ್ಯಾಡ. ಹೊಸಾದು ಒಂದ, ಬಿಲ್ ಮತ್ತ ವಾರಂಟಿ ಇರೂದು. ತಂಗಿ ಮಗ ಬೆಂಗಳೂರಿನ ಎಸ್‌ಪಿ ರೋಡಿನ್ಯಾಗ ನಾಕು ಅಂಗಡಿ ಕೇಳಿ ಆರ್‌ಟಿಎಕ್ಸ್ 3060, 12 ಜಿಬಿದು 24,000ಕ್ಕ ತಂದ. ಇದು 170 ವ್ಯಾಟ್. ಕಂಪ್ಯೂಟರ್ ಕೂಡಿ 300 ಹಿಡದ್ರ ತಿಂಗಳಿಗಿ 36 ಯುನಿಟ್. 87ಕ್ಕ ಕೂಡಿಸಿದ್ರ 123, ಕೂಲರ್ ಹಚ್ಚಿದ್ರೂ 163, 200ರ ಒಳಗ. ಹೊಸಾ ಆಟದಾಗ ಈ ಒಂದ, 295ಎಕ್ಸ್2 ಕಾರ್ಡಿನ ಎರಡು ಚಿಪ್ಪಿಗಿಂತ ಚಲೋ ನಡೀತೈತಿ. ಬ್ಲೆಂಡರಿಗೂ 12 ಜಿಬಿ ಪೂರಾ ಸಿಗತೈತಿ. ಹಳೇ ಎಸ್‌ಎಂಪಿಎಸ್ 450 ವ್ಯಾಟಿಂದು, ಅದು ಸಾಲೂದಿಲ್ಲಂತ 4,000 ಕೊಟ್ಟು ಹೊಸಾದು ಹಾಕಿಸಿದ್ವಿ. 28,000 ಅಲ್ಲಿಗಲ್ಲಿಗಿ ಆತು. ಬೀಸೂ ಕಲ್ಲಿನ ಚಿತ್ರ ಈಗ ಒಂದು ತಾಸಿನೊಳಗ ಬರ್ತೈತಿ.

ಓಲಿ ಹ್ವಾದ್ವು ಅಂತ ನನಗ ಏನೂ ಅನ್ನಸಿಲ್ಲ ಅಂದ್ರ ಸುಳ್ಳ ಆಗತೈತಿ. ಜಾತ್ರಿಗಿ ಹೋದಾಗ ಮಂದಿ ಕಿವಿ ನೋಡಿದ್ನಿ. ಖರೆ ಆ ರೊಕ್ಕ ನನ್ನದು, ಎಲ್ಲಿ ಹಾಕಬೇಕು ಅನ್ನೂದು ನಾನ ನಿರ್ಧಾರ ಮಾಡಿದ್ದು, ತಿಳಕೊಂಡು ಮಾಡಿದ್ದು. ಪುಕ್ಕಟ ಕೊಟ್ಟಿಲ್ಲ. ಉಳದ ಎರಡು ವಿಷಯ ಈ ಸಲ ತಗೀಬೇಕು, ರಾತ್ರಿ ಹನ್ನೊಂದಕ್ಕ ಕಂಪ್ಯೂಟರ್ ಬಂದ್, ಊಟ ಪಡಸಾಲ್ಯಾಗ ಎಲ್ಲಾರ ಜೋಡಿ. ಮೂರನೇದು ಈಗಾಗಲೇ ನಡದೈತಿ. ಮೊದಲನೇದು ಪರೀಕ್ಷಾ ಬಂದಾಗ ತಿಳೀತೈತಿ. ಅದನ್ನ ನಾ ಕಾಯಾಕತ್ತೀನಿ.

ನಿಮ್ಮ ಹುಡುಗ್ರು ಬಂದು ಇಂಥಾದ್ದು ಕೇಳಿದ್ರ ಐದು ಪ್ರಶ್ನೆ ಕೇಳ್ರಿ. ನೀ ಮಾಡೂ ಕೆಲಸ ಪಂಕ್ತಿ ರೊಟ್ಟಿಯದೋ, ಖಡಕ್ ರೊಟ್ಟಿಯದೋ? ನೀ ಆಡೂ ಆಟಕ್ಕ ಎರಡನೇ ಚಿಪ್ ಕೆಲಸಕ್ಕ ಬರ್ತೈತೋ ಇಲ್ಲೋ, ಒಂದೊಂದ ಹೆಸರು ಬರದು ಕೊಡು. ಮೆಮೊರಿ ಒಂದು ಚಿಪ್ಪಿಗಿ ಎಷ್ಟು? ವ್ಯಾಟ್ ಎಷ್ಟು, ನಮ್ಮ ಮೀಟರಿಗಿ ತಿಂಗಳಿಗಿ ಎಷ್ಟು ಯುನಿಟ್? ಬಿಲ್, ವಾರಂಟಿ ಐತೋ ಇಲ್ಲೋ? ಇವಕ್ಕ ಉತ್ತರ ಕೊಡೂ ಹುಡುಗ ಸುಮ್ನ ಹಠಾ ಮಾಡಾಂವ ಅಲ್ಲ ಅಂತ ತಿಳೀರಿ. ಉತ್ತರ ಗೊತ್ತಿಲ್ಲಂದ್ರ, ಕೂಡಿ ಹುಡಕ್ರಿ. ಲೆಕ್ಕ ಹಾಕಾಕ ಯಾರಾದ್ರೂ ಬೇಕಂದ್ರ ಮಧ್ಯಾನ ಮೂರರ ಮ್ಯಾಲ ನಾ ಮನ್ಯಾಗ ಇರ್ತೀನಿ, ಕರೆಂಟ್ ಬಿಲ್ ತೊಗೊಂಡು ಬರ್ರಿ, ಚಾ ಇಡ್ತೀನಿ.